ಅಕ್ಕಂದಿರು ಎಷ್ಟು

ಏನು ಕೆಲಸ ಎಂದು ನೆಂಟರು ಕೇಳಿದರೆ ನಾನು ‘ಲ್ಯಾಬಿನಲ್ಲಿದ್ದೇನೆ’ ಎಂದಷ್ಟೇ ಹೇಳುತ್ತೇನೆ. ಸಕ್ಕರೆ, ಕೊಬ್ಬು ನೋಡುವ ಲ್ಯಾಬು ಎಂದುಕೊಂಡು ಅವರು ತಮ್ಮ ರಿಪೋರ್ಟು ತೆಗೆದು ತೋರಿಸುತ್ತಾರೆ. ನಾನೂ ಗಂಭೀರವಾಗಿ ಕಣ್ಣಾಡಿಸಿ, ಎಣ್ಣೆ ಕಡಿಮೆ ಮಾಡಿ ಎಂದು ಹೇಳಿ ಕಳಿಸುತ್ತೇನೆ. ನಿಜಕ್ಕೂ ನಾನು ನೋಡುವುದು ಎಚ್‌ಐವಿ ವೈರಸ್ಸನ್ನು, ಅದರಲ್ಲೂ ಸೂಜಿಯಿಂದ ಮಾದಕದ್ರವ್ಯ ಚುಚ್ಚಿಕೊಳ್ಳುವವರ ರಕ್ತದಲ್ಲಿರುವುದನ್ನು. ಯಾರ ವೈರಸ್ಸು ಯಾರದಕ್ಕೆ ಹತ್ತಿರ, ಯಾವುದು ಎಲ್ಲಿ ಕವಲೊಡೆಯಿತು ಎಂದು ಓದಿ ಗುರುತು ಹಾಕುವುದು, ಅಂದರೆ ಒಂದು ಥರದ ವಂಶಾವಳಿ ಬರೆಯುವುದು. ಒಡಹುಟ್ಟಿದವನನ್ನೇ ವಂಶಾವಳಿಯಿಂದ ಹೊಡೆದುಹಾಕಿದವಳಿಗೆ ಈ ಕೆಲಸ ಸಿಕ್ಕಿದೆ ಎಂದು ಯಾರಿಗಾದರೂ ಗೊತ್ತಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಈ ವೈರಸ್ಸು ತನ್ನನ್ನು ತಾನು ನಕಲು ಮಾಡಿಕೊಳ್ಳುವಾಗ ಆತುರದ ಗುಮಾಸ್ತನ ಹಾಗೆ ತಪ್ಪಿನ ಮೇಲೆ ತಪ್ಪು ಮಾಡುತ್ತದೆ. ಆದ್ದರಿಂದ ಕೆಲವು ವರ್ಷಗಳಲ್ಲಿ ಒಬ್ಬೊಬ್ಬರ ಮೈಯಲ್ಲಿರುವುದು ಒಂದೊಂದು ಥರ ಆಗಿಬಿಡುತ್ತದೆ. ಒಂದೇ ಸೂಜಿ ಹಂಚಿಕೊಂಡವರದು ಮಾತ್ರ ಹತ್ತಿರ ಹತ್ತಿರ ಇರುತ್ತದೆ. ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತಿದ್ದವು. ಗೂಡ್ಸ್ ಶೆಡ್ಡಿನ ಹಿಂದೆ ಕೂರುವವರದು ಒಂದು, ಮಾರುಕಟ್ಟೆಯ ಮೇಲ್ಸೇತುವೆ ಕೆಳಗೆ ಕೂರುವವರದು ಇನ್ನೊಂದು. ಒಬ್ಬನೇ ಎರಡೂ ಕಡೆ ಸೂಜಿ ಹಂಚಿಕೊಂಡರೆ ಎರಡೂ ಬಗೆ ಅವನ ಮೈಯಲ್ಲಿ ಕೂಡಿಕೊಂಡು, ಅರ್ಧ ಇದು ಅರ್ಧ ಅದು ಆದ ಮೂರನೆಯದು ಹುಟ್ಟುತ್ತದೆ. ಇಂಥ ಬೆರಕೆಗಳು ಎಷ್ಟಿವೆ, ಯಾವುದಕ್ಕೆ ಯಾವ ಮಾತ್ರೆ ನಾಟುತ್ತದೆ ಎಂದು ತಿಳಿಯಲು ಇನ್ನೂರ ಹನ್ನೆರಡು ರಕ್ತದ ಮಾದರಿಗಳನ್ನು ಓದುತ್ತಿದ್ದೆವು. ಮಾತ್ರೆಗೆ ಬಗ್ಗದ ವೈರಸ್ಸು ಕಂಡರೆ ಅದೇ ವಾರ ಲ್ಯಾಬಿನಿಂದ ಕ್ಲಿನಿಕ್ಕಿಗೆ ಚೀಟಿ ಹೋಗಬೇಕು. ಅವರು ಮಾತ್ರೆ ಬದಲಿಸುತ್ತಾರೆ. ಚೀಟಿ ಹೋಗದಿದ್ದರೆ ಆ ಮನುಷ್ಯ ಕೆಲಸಕ್ಕೆ ಬಾರದ ಮಾತ್ರೆಯನ್ನೇ ನುಂಗುತ್ತಾ ಸೊರಗುತ್ತಾನೆ.

ರಕ್ತ ತಂದುಕೊಡುತ್ತಿದ್ದವನನ್ನು ನಾವೆಲ್ಲ ಬ್ಯಾಗಣ್ಣ ಎನ್ನುತ್ತಿದ್ದೆವು. ಹೆಗಲಿನಿಂದ ಬ್ಯಾಗು ಇಳಿದದ್ದನ್ನು ಕಂಡವರಿಲ್ಲ. ಹನ್ನೊಂದು ವರ್ಷ ತಾನೇ ಚುಚ್ಚಿಕೊಂಡು, ಬಿಟ್ಟು, ಈಗ ಹಳೆ ಸೂಜಿ ತಗೊಂಡು ಹೊಸ ಸೂಜಿ ಕೊಡುವ ಕೇಂದ್ರ ನಡೆಸುತ್ತಿದ್ದ. ಅಲ್ಲಿಗೆ ಬರುವವರು ಹೆಸರು ಹೇಳುವುದಿಲ್ಲ, ಕೊಟ್ಟ ಕಾರ್ಡು ಕಳೆದುಕೊಳ್ಳುತ್ತಾರೆ. ಹಾಗಾಗಿ ಪ್ರತಿ ಸಲವೂ ಅದೇ ಕೆಲವು ಪ್ರಶ್ನೆ ಕೇಳಿ ಗುರುತಿನ ಸಂಖ್ಯೆ ಕಟ್ಟುವ ಪದ್ಧತಿ ಇತ್ತು. ತಾಯಿಯ ಹೆಸರಿನ ಮೊದಲ ಎರಡಕ್ಷರ, ಹುಟ್ಟಿದ ತಾರೀಖು, ತಿಂಗಳು, ಅಣ್ಣಂದಿರು ಎಷ್ಟು, ಅಕ್ಕಂದಿರು ಎಷ್ಟು. ಎಷ್ಟೇ ಅಮಲಿನಲ್ಲಿದ್ದರೂ ಇವನ್ನು ಯಾರೂ ಮರೆಯುವುದಿಲ್ಲ ಎನ್ನುವುದು ಅದರ ಹಿಂದಿನ ಲೆಕ್ಕಾಚಾರ. ಒಬ್ಬನೇ ಎರಡು ಸಲ ಬಂದರೂ ಸಂಖ್ಯೆ ಅದೇ ಬರುತ್ತದೆ. ಮೇಜಿನ ಮೇಲೆ ನಾವು ಬಳಸುತ್ತಿದ್ದದ್ದು ಟ್ಯೂಬಿನ ನಂಬರು ಮಾತ್ರ. ಗುರುತಿನ ಪಟ್ಟಿ ತೆರೆಯುತ್ತಿದ್ದದ್ದು ಏನಾದರೂ ಅನುಮಾನ ಬಂದಾಗಷ್ಟೇ.

ಅನುಮಾನ ಬಂದದ್ದು ನಲವತ್ತೊಂದನೆಯ ಟ್ಯೂಬು ಮತ್ತು ನೂರ ಅರವತ್ತಮೂರನೆಯದರ ಮೇಲೆ. ಎಂಟು ತಿಂಗಳ ಅಂತರದಲ್ಲಿ ತೆಗೆದ ರಕ್ತ. ಎರಡರಲ್ಲೂ ಒಂದೇ ಬೆರಕೆ, ಶೆಡ್ಡು ಅರ್ಧ, ಮೇಲ್ಸೇತುವೆ ಅರ್ಧ. ಕೂಡಿಕೆಯ ಜಾಗ ಕೂಡ ಒಂದೇ. ಸೂಜಿ ಹಂಚಿಕೊಂಡ ಇಬ್ಬರದೂ ಇಷ್ಟು ಹತ್ತಿರ ಬರುವುದಿಲ್ಲ. ಇಷ್ಟು ಹತ್ತಿರ ಅಂದರೆ ಎರಡರಲ್ಲೊಂದು ಆಗಿರಬೇಕು. ಒಬ್ಬನೇ ಮನುಷ್ಯ ಎರಡು ಸಲ ರಕ್ತ ಕೊಟ್ಟಿರಬೇಕು, ಇಲ್ಲವೇ ನನ್ನ ಕೈತಪ್ಪಿನಿಂದ ಒಂದು ಟ್ಯೂಬಿನ ಹನಿ ಇನ್ನೊಂದಕ್ಕೆ ಸೇರಿರಬೇಕು. ಆದರೆ ನೂರ ಅರವತ್ತಮೂರರಲ್ಲಿ ನಲವತ್ತೊಂದರಲ್ಲಿ ಇಲ್ಲದ ಒಂದು ಬದಲಾವಣೆ ಇತ್ತು. ಎಲ್ಲರಿಗೂ ಮೊದಲು ಕೊಡುವ ಮಾತ್ರೆಗೆ ಬಗ್ಗುವುದಿಲ್ಲ ಎಂದು ಹೇಳುವ ಬದಲಾವಣೆ ಅದು. ಹನಿ ಬೆರೆತಿದ್ದರೆ ಇಲ್ಲದ್ದು ಎಲ್ಲಿಂದ ಬಂತು? ಒಬ್ಬನೇ ಎರಡು ಸಲ ಬಂದಿದ್ದಾನೆ, ನಡುವೆ ಮಾತ್ರೆ ಶುರುವಾಗಿದೆ, ಸರಿಯಾಗಿ ನುಂಗಿಲ್ಲ, ವೈರಸ್ಸು ಪಳಗಿದೆ ಎಂದುಕೊಂಡು ಪಟ್ಟಿ ತೆರೆದೆ.

ಮೊದಲು ಕಂಡದ್ದು ಅಮ್ಮನ ಹೆಸರಿನ ಎರಡಕ್ಷರ. ಅದು ಅಷ್ಟೇನೂ ಸಾಮಾನ್ಯವಲ್ಲದ ಹೆಸರು. ಅಮ್ಮ ತೀರಿಕೊಂಡು ಐದು ವರ್ಷ. ಆ ಹೆಸರನ್ನು ಕೂಗುವವರು ಈಗ ಯಾರೂ ಇಲ್ಲ. ಆಮೇಲೆ ಒಂಬತ್ತು, ಹನ್ನೊಂದು. ನವೆಂಬರ್ ಒಂಬತ್ತು. ನನಗೆ ಆರು ವರ್ಷವಾಗಿದ್ದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ ಬಟ್ಟೆ ಸುತ್ತಿದ ಒಂದು ಗಂಟನ್ನು ನನ್ನ ತೊಡೆಯ ಮೇಲಿಟ್ಟು, ಬೀಳಿಸಬೇಡ ಎಂದಿದ್ದ ದಿನ ಅದು. ಅಣ್ಣಂದಿರು, ಸೊನ್ನೆ. ಎರಡೂ ಸಾಲು ಅಲ್ಲಿಯವರೆಗೆ ಒಂದೇ ಇತ್ತು. ಕೊನೆಯ ಮನೆಯಲ್ಲಿ, ಅಕ್ಕಂದಿರು ಎಷ್ಟು ಎನ್ನುವಲ್ಲಿ, ನಲವತ್ತೊಂದಕ್ಕೆ ಒಂದು ಇತ್ತು. ನೂರ ಅರವತ್ತಮೂರಕ್ಕೆ ಸೊನ್ನೆ ಇತ್ತು.

ಆ ಒಂದು ಯಾವಾಗ ಸೊನ್ನೆಯಾಯಿತು ಎಂದು ನನಗೆ ಪಟ್ಟಿ ನೋಡಿ ತಿಳಿಯಬೇಕಿರಲಿಲ್ಲ.

ಮನೆಯಲ್ಲಿ ತಮ್ಮನನ್ನು ಚಿಟಿಕೆ ಎಂದೇ ಕರೆಯುತ್ತಿದ್ದದ್ದು. ಕರೆಯಲಿ, ಯೋಚಿಸಲಿ, ಬೆರಳಲ್ಲಿ ಚಿಟಿಕೆ ಹೊಡೆಯದೆ ಅವನಿಗೆ ಆಗುತ್ತಿರಲಿಲ್ಲ. ಲಿಫ್ಟು ರಿಪೇರಿ ಮಾಡುತ್ತಿದ್ದ. ಎರಡನೆಯ ಮಹಡಿಯಿಂದ ಲಿಫ್ಟಿನ ಗುಂಡಿಗೆ ಬಿದ್ದು ಬೆನ್ನು ಮುರಿದುಕೊಂಡ. ಆಸ್ಪತ್ರೆಯಲ್ಲಿ ನೋವಿಗೆಂದು ಕೊಟ್ಟ ಇಂಜೆಕ್ಷನ್ನನ್ನು ಆಸ್ಪತ್ರೆ ನಿಲ್ಲಿಸಿತು, ಅವನು ನಿಲ್ಲಿಸಲಿಲ್ಲ. ಯಾರಿಗೂ ಇಲ್ಲ ಎನ್ನದ ಸ್ವಭಾವ ಅವನದು. ಚಿಕ್ಕವನಿದ್ದಾಗ ಪೆನ್ಸಿಲು ಹಂಚುತ್ತಿದ್ದ, ಆಮೇಲೆ ಸೂಜಿ ಹಂಚಿದ. ಅಮ್ಮ ತೀರಿಕೊಂಡ ವರ್ಷ ನಮ್ಮ ಮನೆಗೆ ಬಂದಿದ್ದಾಗ ಬಚ್ಚಲಮನೆಯಲ್ಲಿ ತೋಳಿಗೆ ಹಗ್ಗ ಬಿಗಿದುಕೊಂಡು ಕೂತಿದ್ದವನನ್ನು ನನ್ನ ಏಳು ವರ್ಷದ ಮಗಳು ನೋಡಿದಳು. ಅವತ್ತೇ ಅವನ ಚೀಲ ಹೊರಗಿಟ್ಟೆ. ತಾಯಿಯಾಗಿ ಅದು ತಪ್ಪಲ್ಲ ಎಂದು ಇವತ್ತಿಗೂ ಹೇಳುತ್ತೇನೆ. ಅದರ ನಂತರ ಮಾಡಿದ್ದಕ್ಕೆ ನನ್ನ ಬಳಿ ಸಮಜಾಯಿಷಿ ಇಲ್ಲ. ಮರುವರ್ಷ ಈ ಲ್ಯಾಬು ಸೇರಿದಾಗ, ಟೀ ಕುಡಿಯುತ್ತಾ ಯಾರೋ ‘ನೀವೆಷ್ಟು ಜನ ಮಕ್ಕಳು?’ ಎಂದರು. ‘ನಾನೊಬ್ಬಳೇ’ ಎಂದೆ. ನಾಲಿಗೆ ತಡವರಿಸಲೂ ಇಲ್ಲ. ದಿನವಿಡೀ ಚುಚ್ಚಿಕೊಳ್ಳುವವರ ರಕ್ತ ಹಿಡಿದುಕೊಂಡು ‘ಪಾಪ, ಅವರೂ ಮನುಷ್ಯರೇ’ ಎಂದು ಭಾಷಣ ಬಿಗಿಯುವ ಜನರ ನಡುವೆಯೂ, ಅಂಥವನೊಬ್ಬ ನನ್ನ ತಮ್ಮ ಎನ್ನಲು ನನಗೆ ನಾಚಿಕೆಯಾಗಿತ್ತು.

ಮೊದಲ ರಕ್ತ ಕೊಟ್ಟ ಮೂರು ವಾರಕ್ಕೆ ಇರಬೇಕು, ನಾನು ಇಲ್ಲಿರುವುದನ್ನು ಯಾರಿಂದಲೋ ತಿಳಿದು ಅವನು ಲ್ಯಾಬಿನ ಗೇಟಿಗೆ ಬಂದಿದ್ದ. ಮಧ್ಯಾಹ್ನ ನಾವು ನಾಲ್ಕೈದು ಜನ, ನಮ್ಮ ಮುಖ್ಯಸ್ಥೆ ಡಾಕ್ಟರಮ್ಮನೂ ಸೇರಿ, ಊಟಕ್ಕೆ ಹೊರಟಿದ್ದೆವು. ಗೋಡೆಗೆ ಒರಗಿ ನಿಂತಿದ್ದವನು ಮುಂದೆ ಬಂದು ‘ಅಕ್ಕಾ’ ಎಂದ. ತಲೆ ಬಾಚಿಕೊಂಡಿದ್ದ. ಅಂಗಿಯ ಗುಂಡಿಗಳನ್ನೆಲ್ಲ ಕತ್ತಿನವರೆಗೂ ಹಾಕಿಕೊಂಡಿದ್ದ.

“ನಿಮಗೆ ಗೊತ್ತಿರೋರಾ?” ಎಂದು ಡಾಕ್ಟರಮ್ಮ ಕೇಳಿದರು.

“ಇಲ್ಲಪ್ಪ. ಇಂಥೋರು ಎಲ್ಲರನ್ನೂ ಅಕ್ಕ ಅಂತಾರೆ,” ಎಂದೆ.

ಅವನು ನನ್ನ ಮುಖ ನೋಡಿದ. ಎತ್ತಿದ್ದ ಕೈ ಕೆಳಗಿಳಿಸಿದ. “ಸಾರಿ ಮೇಡಂ, ಬೇರೆ ಯಾರೋ ಅಂದ್ಕೊಂಡೆ,” ಎಂದು ಪಕ್ಕಕ್ಕೆ ಸರಿದು ನಮಗೆ ದಾರಿ ಬಿಟ್ಟ. ನಾನು ಊಟ ಮಾಡಿದೆ. ಇನ್ನೊಂದು ಸಲ ಬಡಿಸಿಕೊಂಡೆ ಕೂಡ.

ಈಗ ಪಟ್ಟಿಯ ಮುಂದೆ ಕೂತಾಗ ಮಾಡಬೇಕಾದದ್ದು ಸ್ಪಷ್ಟವಿತ್ತು. ಎರಡೂ ಟ್ಯೂಬು ಒಬ್ಬನವೇ ಎಂದು ಬರೆಯಬೇಕು, ಕ್ಲಿನಿಕ್ಕಿಗೆ ಚೀಟಿ ಕಳಿಸಬೇಕು. ಬರೀ ಸೊನ್ನೆಯ ಗುರುತಿನಲ್ಲಿ ಚೀಟಿ ಹೋದರೆ, ಒಂದು ಎಂದು ಬರೆಸಿ ಮಾತ್ರೆ ಶುರು ಮಾಡಿದವನು ಇವನೇ ಎಂದು ಅಲ್ಲಿ ತಿಳಿಯುವುದಿಲ್ಲ. ಆದರೆ ಗುರುತಿನ ಸಂಖ್ಯೆ ಬೇರೆ ಬೇರೆ ಇರುವಾಗ ಒಬ್ಬನೇ ಎಂದು ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ಆ ಸೊನ್ನೆ ಸುಳ್ಳು, ಒಂದೇ ನಿಜ ಎಂದು ಈ ಕಟ್ಟಡದಲ್ಲಿ ಹೇಳಬಲ್ಲವಳು ನಾನೊಬ್ಬಳೇ.

ಡಾಕ್ಟರಮ್ಮನ ಕೋಣೆಗೆ ಹೋಗಿ ಎರಡು ಟ್ಯೂಬು ವಿಪರೀತ ಹತ್ತಿರ ಇವೆ ಎಂದಷ್ಟೇ ಹೇಳಿದೆ. ಆ ಬದಲಾವಣೆಯ ವಿಷಯ ಎತ್ತಲಿಲ್ಲ.

ಅವರು ಪಟ್ಟಿ ನೋಡಿದರು. “ಒಂದೇ ಅಂಕಿ ಬೇರೆ. ಅವನೇ ತಪ್ಪು ಹೇಳಿರಬಹುದಾ?” ಎಂದವರು ತಾವೇ ತಲೆ ಅಲ್ಲಾಡಿಸಿದರು. “ಛೇ, ಅಕ್ಕ ಇದ್ದಾಳೋ ಇಲ್ವೋ ಅನ್ನೋದನ್ನ ಯಾರು ಮರೀತಾರೆ?”

“ಹೌದು, ಯಾರು ಮರೀತಾರೆ,” ಎಂದೆ.

“ಬ್ಯಾಗಣ್ಣನ್ನ ಕೇಳೋಣ್ವಾ?”

“ಇನ್ನೂರು ಮುಖ ಎಲ್ಲಿ ನೆನಪಿರುತ್ತೆ ಮೇಡಂ ಅವನಿಗೆ?”

“ಹಾಗಾದ್ರೆ ನೂರ ಅರವತ್ತಮೂರರದ್ದೇ ಇನ್ನೊಂದು ಟ್ಯೂಬಿಂದ ಮತ್ತೆ ಓದಿಬಿಡಿ.” ಪ್ರತಿಯೊಬ್ಬರ ರಕ್ತವನ್ನೂ ನಾವು ಎರಡು ಟ್ಯೂಬಿನಲ್ಲಿ ಇಡುತ್ತೇವೆ, ಇಂಥ ಹೊತ್ತಿಗೇ ಎಂದು.

“ಅದು ಖಾಲಿಯಾಗಿದೆ,” ಎಂದೆ. ಅದು ಫ್ರೀಜರಿನ ಮೂರನೆಯ ತಟ್ಟೆಯಲ್ಲಿ ತುಂಬಿಕೊಂಡು ಕೂತಿತ್ತು.

“ಸರಿ. ಕೈತಪ್ಪು ಅಂತ ಬರೆದು ತೆಗೆದುಹಾಕಿ. ಇಲ್ಲಿನ ನಾಲ್ಕು ವರ್ಷದ ಸರ್ವಿಸಲ್ಲಿ ಇದು ನಿಮ್ಮ ಮೊದಲನೇದು ಅಲ್ವಾ? ಬೇಜಾರು ಮಾಡ್ಕೋಬೇಡಿ,” ಎಂದು ನನಗೇ ಸಮಾಧಾನ ಹೇಳಿದರು.

ಮಾಡದ ಕೈತಪ್ಪನ್ನು ಒಪ್ಪಿಕೊಂಡು, ಮಾಡಿದ ತಪ್ಪನ್ನು ಮುಚ್ಚಿಟ್ಟೆ. ನೂರ ಅರವತ್ತಮೂರರ ಸಾಲಿನ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿದೆ. ಸಾಯಂಕಾಲ ಮಗಳು ‘ಯಾಕಮ್ಮ ಸುಮ್ನಿದ್ದೀಯ?’ ಎಂದು ಕೇಳಿದ್ದಕ್ಕೆ ತಲೆನೋವು ಎಂದೆ. ಸುಳ್ಳು ಹೇಳುವುದು ಒಮ್ಮೆ ರೂಢಿಯಾದರೆ ಎಷ್ಟು ಸಲೀಸು ನೋಡಿ.

ಎರಡು ವಾರ ಕಳೆದಿರಬೇಕು. ಬ್ಯಾಗಣ್ಣ ಹೊಸ ಟ್ಯೂಬುಗಳನ್ನು ಇಳಿಸಿ, ಸ್ಟೂಲಿನ ಮೇಲೆ ಕೂತು, ಎಂದಿನಂತೆ ನನ್ನ ಫ್ಲಾಸ್ಕಿನಿಂದ ತಾನೇ ಟೀ ಬಗ್ಗಿಸಿಕೊಂಡ.

“ಮೇಡಂ, ಒಂದು ಚೀಟಿ ಬರುತ್ತೇನೋ ಅಂತ ಕಾಯ್ತಾ ಇದ್ದೀನಿ,” ಎಂದ. “ಒಂಬತ್ತು ಹನ್ನೊಂದು ಅಂತ ಒಬ್ಬ ಇದ್ದಾನೆ. ಎಂಟು ತಿಂಗಳಿಂದ ಮಾತ್ರೆ ಮೇಲಿದ್ದಾನೆ, ದಿನಾ ಇಳಿದು ಹೋಗ್ತಿದ್ದಾನೆ. ಬೆಲ್ಟಿಗೆ ಹೊಸ ತೂತು ನಾನೇ ಮೊಳೆಯಲ್ಲಿ ಹೊಡೆದುಕೊಟ್ಟೆ.”

“ಆ ಸ್ಯಾಂಪಲ್ ಹಾಳಾಯ್ತು,” ಎಂದೆ.

“ಹಾಳಾಯ್ತಾ?” ಅವನು ಲೋಟ ಕೆಳಗಿಟ್ಟ. “ಅವನಿಗೆ ನರ ಎಲ್ಲಿದೆ ಮೇಡಂ. ಅರ್ಧ ಗಂಟೆ ಹುಡುಕಿದೆ. ಎರಡೂ ತೋಳಲ್ಲಿ ಸಿಗಲಿಲ್ಲ, ಪಾದದಿಂದ ತೆಗೆದೆ. ‘ಪರವಾಗಿಲ್ಲ ತೆಗೀರಿ, ಲ್ಯಾಬಿನೋರಿಗೆ ಬೇಕು’ ಅಂತ ಕೂತಿದ್ದ.”

ನಾನು ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡೆ.

“ಅವನದು ಮಾತ್ರೆ ತಪ್ಪಿದ್ದೇ ತೊಂದ್ರೆ,” ಎಂದು ಅವನು ಮುಂದುವರಿಸಿದ. “ಮಾತ್ರೆ ಶುರು ಮಾಡೋವಾಗ ಕ್ಲಿನಿಕ್ಕಲ್ಲಿ ಒಬ್ಬ ಜೊತೆಗಾರ ಬೇಕು ಅಂತಾರಲ್ಲ, ದಿನಾ ನೆನಪು ಮಾಡೋಕೆ, ಡಬ್ಬಿ ಇಟ್ಕೊಳ್ಳೋಕೆ. ಸೇತುವೆ ಕೆಳಗೆ ಇಟ್ರೆ ಕದೀತಾರೆ, ಒದ್ದೆ ಆಗುತ್ತೆ. ಇವನು ಖುಷಿಯಲ್ಲಿ ‘ಅಕ್ಕ ಇದ್ದಾಳೆ, ಕೇಳ್ತೀನಿ’ ಅಂದ. ಮನೆಗೆ ಬರಲ್ಲ, ಏನೂ ಕೇಳಲ್ಲ, ಡಬ್ಬಿ ಮಾತ್ರ ಇಟ್ಕೋ, ದಿನಾ ಒಂದು ಫೋನ್ ಮಾಡು ಅಂತೀನಿ ಅಂದ. ನನ್ನ ಬಾಚಣಿಗೆ ಇಸ್ಕೊಂಡು ತಲೆ ಬಾಚ್ಕೊಂಡು ಹೋದ.”

“ಆಮೇಲೆ?” ಎಂದೆ. ಕೇಳಬಾರದಿತ್ತು, ಕೇಳಿದೆ.

“ವಾಪಸ್ ಬಂದು ಏನೂ ಹೇಳಲಿಲ್ಲ. ಎರಡನೇ ಸಲ ರಕ್ತಕ್ಕೆ ಬಂದಾಗ ಅಕ್ಕಂದಿರು ಎಷ್ಟು ಅಂದೆ. ಸೊನ್ನೆ ಹಾಕಿ ಅಂದ. ಹೋದ್ಸಲ ಒಂದು ಅಂದಿದ್ಯಲ್ಲೋ ಅಂದ್ರೆ, ಇದ್ದಳು, ಈಗಿಲ್ಲ ಅಂದ. ತೀರಿಕೊಂಡಿರಬೇಕು ಪಾಪ. ನಾನೂ ಹೆಚ್ಚು ಕೆದಕಲಿಲ್ಲ, ಸೊನ್ನೆ ಹಾಕಿದೆ. ಒಳ್ಳೆಯವಳು ಅಂತಿದ್ದ ಮೇಡಂ. ಅವಳ ಮೇಲೆ ಒಂದು ಮಾತು ಆಡಿದ್ದು ನಾನು ಕೇಳಿಲ್ಲ.”

ಬ್ಯಾಗಣ್ಣ ಟೀ ಮುಗಿಸಿ, ಲೋಟ ತೊಳೆದಿಟ್ಟು, ಇನ್ನೊಂದು ಸಲ ರಕ್ತ ತೆಗೆಯೋಣ ಬಿಡಿ, ನರ ಸಿಕ್ಕಿದರೆ, ಎಂದು ಎದ್ದುಹೋದ.

ಅವನು ಹೋದ ಮೇಲೆ ಫ್ರೀಜರಿನ ಬಾಗಿಲು ತೆರೆದೆ. ಮೂರನೆಯ ತಟ್ಟೆ, ಹಿಂದಿನ ಸಾಲು. ಕಿರುಬೆರಳಿನಷ್ಟು ಟ್ಯೂಬು. ಪಾದದ ನರದಿಂದ ಬಂದ ರಕ್ತ. ಕೈಯಲ್ಲಿ ಹಿಡಿದುಕೊಂಡರೆ ಗವಸಿನೊಳಗೂ ಚಳಿ ಇಳಿಯಿತು. ಬೀಳಿಸಬೇಡ ಎಂದಿದ್ದರು, ಅಲ್ಲವೇ? ನಾನು ಬೀಳಿಸಿದ್ದು ಗೇಟಿನ ಹತ್ತಿರ ಒಂದು ಸಲ, ಈ ಪಟ್ಟಿಯಲ್ಲಿ ಇನ್ನೊಂದು ಸಲ. ಅಳು ಬಂತು. ಬಂದ ಅಳುವಿನಿಂದ ಯಾರಿಗೂ ಮಾತ್ರೆ ಬದಲಾಗುವುದಿಲ್ಲ ಎಂದು ಮುಖ ಒರೆಸಿಕೊಂಡು, ಟ್ಯೂಬನ್ನು ಕರಗಲು ಇಟ್ಟೆ.

ಮೂರನೆಯ ದಿನ ಓದು ಮುಗಿಯಿತು. ಅದೇ ಬೆರಕೆ, ಅದೇ ಕೂಡಿಕೆ, ಅದೇ ಹಾಳು ಬದಲಾವಣೆ. ಹಾಳೆಯನ್ನು ಡಾಕ್ಟರಮ್ಮನ ಮುಂದಿಟ್ಟು ನಿಂತುಕೊಂಡೆ.

“ಇದು ಖಾಲಿಯಾಗಿತ್ತಲ್ಲ?” ಎಂದರು.

“ಇರಲಿಲ್ಲ. ಸುಳ್ಳು ಹೇಳಿದ್ದೆ. ಎರಡೂ ಒಬ್ಬನದೇ ಮೇಡಂ. ಸೊನ್ನೆ ತಪ್ಪು. ಅವನಿಗೆ ಒಬ್ಬಳು ಅಕ್ಕ ಇದ್ದಾಳೆ.”

“ನಿಮಗೆ ಹೇಗೆ ಗೊತ್ತು?”

ಎರಡು ವಾರದಿಂದ ಹೆದರಿಕೊಂಡಿದ್ದ ಪ್ರಶ್ನೆ. “ನಾನೇ,” ಎಂದೆ.

ಅವರು ಕನ್ನಡಕ ತೆಗೆದರು. ಹಾಳೆಯನ್ನೂ ನನ್ನನ್ನೂ ನೋಡಿದರು. ಆಮೇಲೆ ಮೆಲ್ಲಗೆ, “ಅವತ್ತು ಗೇಟಿನ ಹತ್ರ ಅಕ್ಕಾ ಅಂದೋನು?” ಎಂದರು.

“ಹೂಂ.”

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಡ್ರಾಯರಿನಿಂದ ಚೀಟಿಯ ಪುಸ್ತಕ ತೆಗೆದು, ನಿಂತಲ್ಲೇ ಬರೆಯಲು ಶುರು ಮಾಡಿದರು. “ಹದಿನೇಳು ದಿನ ತಡ ಆಗಿದೆ,” ಎಂದರು, ಬರೆಯುತ್ತಲೇ. “ನಿಮ್ಮ ವಿಷಯ ಏನು ಮಾಡ್ಬೇಕೋ ಆಮೇಲೆ ನೋಡೋಣ. ಇವತ್ತಿಂದ ಈ ಅಧ್ಯಯನದ ಟ್ಯೂಬು ನೀವು ಮುಟ್ಟೋ ಹಾಗಿಲ್ಲ. ನೀವಾಗಿ ಅವನ ಹತ್ರ ಹೋಗೋ ಹಾಗೂ ಇಲ್ಲ. ಬ್ಯಾಗಣ್ಣ ಅವನನ್ನ ಕೇಳಲಿ. ಅವನು ಒಪ್ಪಿದ್ರೆ ಹೋಗಿ.”

ಬ್ಯಾಗಣ್ಣನಿಗೂ ನಾನೇ ಹೇಳಿದೆ. ಅವನು “ನೀವು ತೀರಿಕೊಂಡಿದ್ದೀರಿ ಅಂದ್ಕೊಂಡಿದ್ದೆ,” ಎಂದ. ತಮಾಷೆಗೆ ಹೇಳಿದನೋ ಅಲ್ಲವೋ ಗೊತ್ತಾಗಲಿಲ್ಲ. ನಾಲ್ಕು ದಿನ ಬಿಟ್ಟು ಫೋನ್ ಮಾಡಿದ. “ಬರಲಿ ಬಿಡಿ ಅಂದಿದ್ದಾನೆ. ಅಷ್ಟೇ ಅಂದಿದ್ದು.”

ಕೇಂದ್ರ ಒಂದು ಟೈರ್ ಅಂಗಡಿಯ ಮೇಲಿತ್ತು. ಮೆಟ್ಟಿಲಿನ ಪಕ್ಕ ಹಳೆ ಸೂಜಿ ಹಾಕುವ ಹಳದಿ ಡಬ್ಬ, ಒಳಗೆ ಎರಡು ಬೆಂಚು, ಒಂದು ಮೇಜು, ಗೋಡೆಗೆ ಕನ್ನಡಿ. ಚಿಟಿಕೆ ಬೆಂಚಿನ ತುದಿಯಲ್ಲಿ ಕೂತಿದ್ದ. ಕೆನ್ನೆಯ ಮೂಳೆ ಎದ್ದಿತ್ತು, ಅಮ್ಮನ ಕೊನೆಯ ತಿಂಗಳ ಮುಖದ ಹಾಗೆ. ಬೆಲ್ಟಿನ ಉದ್ದದ ಬಾಲ ಸೊಂಟದ ಪಕ್ಕ ಜೋತುಬಿದ್ದಿತ್ತು. ನನ್ನನ್ನು ನೋಡಿ ಎದ್ದು ನಿಂತ, ದೊಡ್ಡ ಮನುಷ್ಯರು ಬಂದಾಗ ಏಳುವ ಹಾಗೆ. “ಕೂತ್ಕೊಳ್ಳಿ,” ಎಂದ. ನನಗೆ. ಗೇಟಿನ ಆ ‘ಮೇಡಂ’ ಬಿಟ್ಟರೆ, ಹುಟ್ಟಿದಾಗಿನಿಂದ ಅವನು ನನ್ನನ್ನು ಹಾಗೆ ಬಹುವಚನದಲ್ಲಿ ಕರೆದವನಲ್ಲ.

ದಾರಿಯುದ್ದಕ್ಕೂ ಹೇಳಬೇಕಾದ್ದನ್ನೆಲ್ಲ ಕಟ್ಟಿಕೊಂಡು ಬಂದಿದ್ದೆ. “ತಪ್ಪಾಯ್ತು ಕಣೋ,” ಎಂದಷ್ಟೇ ಬಂತು. ಅವನು ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದ. ಚಿಟಿಕೆ ಹೊಡೆಯುವಷ್ಟು ಶಕ್ತಿ ಅವುಗಳಲ್ಲಿ ಇದ್ದಂತೆ ಕಾಣಲಿಲ್ಲ.

ಬ್ಯಾಗಣ್ಣ ಮೇಜಿನ ಮೇಲೆ ಹೊಸ ಫಾರ್ಮು ಹರಡಿದ. ಒಬ್ಬನಿಗೇ ಎರಡು ಗುರುತು ಇದ್ದರೆ ಕ್ಲಿನಿಕ್ಕಿನಲ್ಲಿ ಹೊಸ ಮಾತ್ರೆ ಕೊಡುವುದಿಲ್ಲ, ಒಂದೇ ಮಾಡಬೇಕು ಎಂದು ವಿವರಿಸಿ, ಹೊಸಬನನ್ನು ಕೇಳುವ ಹಾಗೆ ಮೊದಲಿನಿಂದ ಕೇಳಿದ.

“ತಾಯಿ ಹೆಸರು, ಮೊದಲ ಎರಡಕ್ಷರ?”

ಅವನು ಹೇಳಿದ. ಆ ಎರಡಕ್ಷರ ಬೇರೆ ಒಬ್ಬರ ಬಾಯಲ್ಲಿ ಕೇಳಿ ಐದು ವರ್ಷವಾಗಿತ್ತು.

“ತಾರೀಖು, ತಿಂಗಳು?”

“ಒಂಬತ್ತು, ಹನ್ನೊಂದು.”

“ಅಣ್ಣಂದಿರು?”

“ಇಲ್ಲ.”

“ಅಕ್ಕಂದಿರು?”

ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು. ಚಿಟಿಕೆ ಅದು ನಿಲ್ಲುವವರೆಗೂ ಕಾದು, ಗಲ್ಲದಿಂದ ನನ್ನ ಕಡೆ ತೋರಿಸಿ, “ಅದನ್ನ ಅವ್ರನ್ನೇ ಕೇಳಿ,” ಎಂದ.

ಬ್ಯಾಗಣ್ಣ ಪೆನ್ನು ಹಿಡಿದುಕೊಂಡು ನನ್ನ ಕಡೆ ತಿರುಗಿದ.

“ಒಬ್ಬಳು,” ಎಂದೆ. ಇನ್ನೊಮ್ಮೆ ಹೇಳಿದೆ. “ಅಕ್ಕ ಒಬ್ಬಳು. ಬರ್ಕೊಳ್ಳಿ.”

ಅವನು ಬರೆದುಕೊಂಡ. ಚಿಟಿಕೆ ಮುಂದಕ್ಕೆ ಬಗ್ಗಿ, ಫಾರ್ಮನ್ನು ತನ್ನ ಕಡೆ ತಿರುಗಿಸಿಕೊಂಡು, ಆ ಕೊನೆಯ ಮನೆಯಲ್ಲಿ ಬರೆದದ್ದನ್ನು ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಮೆಲ್ಲಗೆ ವಾಪಸ್ ತಳ್ಳಿದ.

“ಮುಂದಿನ ಸಲ ಇದು ಬದಲಾಗಬಾರ್ದು,” ಎಂದ, ನನ್ನ ಕಡೆ ನೋಡದೆ. “ಬದಲಾದ್ರೆ ಮಾತ್ರೆ ಸಿಗಲ್ಲ.”